ನೆರಳಿಗೊಂದಿಷ್ಟು ಜಾಗ

ಮಾರ್ಚ್ ಬಂತೆಂದರೆ ಪುಣೆಯ ವೇತಾಳ ಟೇಕಡಿ ಗುಡ್ಡದ ಹುಲ್ಲೆಲ್ಲ ಒಣಗಿ ಹೊಂಬಣ್ಣವಾಗುತ್ತದೆ. ಬೆಳಗಿನ ವಾಕಿಂಗ್ ಮುಗಿಸಿ ಇಳಿಯುವಾಗ ಪ್ಯಾಂಟಿಗೆಲ್ಲ ಚುಚ್ಚಿಕೊಳ್ಳುವ ಹುಲ್ಲಿಗೆ ಇಲ್ಲಿಯವರು ಕುಸಳಿ ಅನ್ನುತ್ತಾರೆ. ಈ ವಾರ ನನ್ನ ಹಿತ್ತಾಳೆ ಚೊಂಬಿನಲ್ಲಿ ಇರುವುದು ಅದೇ. ಪಕ್ಕದಲ್ಲಿ ಸಿಂಹಗಡದ ಬುಡದಲ್ಲಿ ಬಿದ್ದು ಸಿಕ್ಕ ಎರಡು ಎಡಮುರಿ ಕಾಯಿ.

ಒಣಗಿದ ಗಿಡದ ಫೋಟೊ ತೆಗೆಯಲು ಕೂತವರು ಮೊದಲು ಮಾಡುವ ತಪ್ಪೆಂದರೆ ಬೆಳಕು ಹೆಚ್ಚಿಸುವುದು. ಹೂವಿಗಾದರೆ ಬಣ್ಣದ ಬಲವಿದೆ. ಒಣಗಿದ್ದರಲ್ಲಿ ಉಳಿದಿರುವುದು ಆಕಾರ, ಸುಕ್ಕು, ನಾರು. ಅವು ಎದ್ದು ಕಾಣಬೇಕಾದರೆ ನೆರಳು ಬೇಕು. ಉತ್ತರದ ಕಿಟಕಿ ಒಂದೇ ಸಾಕು, ಅದಕ್ಕೊಂದು ತೆಳು ಪಂಚೆ ಇಳಿಬಿಡಿ. ಎದುರು ಬದಿಗೆ ಕಪ್ಪು ಬಟ್ಟೆ ನಿಲ್ಲಿಸಿ, ಮನೆಯ ದೀಪಗಳನ್ನೆಲ್ಲ ಆರಿಸಿ. ಎಡಮುರಿಯ ಐದು ಎಳೆ ಹಗ್ಗದಂತೆ ಹೊಸೆದುಕೊಂಡಿರುತ್ತವೆ. ಮುಂದಿನಿಂದ ಬೆಳಕು ಬಿದ್ದರೆ ಅದು ಬರೀ ಕಂದು ಕಡ್ಡಿ. ಪಕ್ಕದಿಂದ ಬಿದ್ದರೆ ಒಂದೊಂದು ಸಂದಿಯಲ್ಲೂ ಕಪ್ಪು ಗೆರೆ ಸುತ್ತಿಕೊಂಡು ಏರುತ್ತದೆ. ಕ್ಯಾಮೆರಾದ ಮೀಟರ್ ಕಪ್ಪನ್ನು ಬೂದು ಮಾಡಲು ನೋಡುತ್ತದೆ, ಅದರ ಮಾತು ಕೇಳಬೇಡಿ. ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ.

1955ರಿಂದ ಪುಣೆಯಲ್ಲಿರುವ ಭಾರತೀಯ ಸಸ್ಯ ಸರ್ವೇಕ್ಷಣೆಯ ಪಶ್ಚಿಮ ಕೇಂದ್ರದಲ್ಲೂ ಒಣಗಿದ ಗಿಡಗಳ ದೊಡ್ಡ ಸಂಗ್ರಹವಿದೆ. ಅಲ್ಲಿ ಗಿಡವನ್ನು ಒತ್ತಿ, ಚಪ್ಪಟೆ ಮಾಡಿ ಹಾಳೆಗೆ ಅಂಟಿಸುತ್ತಾರೆ. ಗುರುತು ಹಿಡಿಯಲು ಅದೇ ಸರಿ, ನೆರಳಿಗೆ ಅಲ್ಲಿ ಕೆಲಸವಿಲ್ಲ. ಬರ್ಲಿನ್ನಿನ ಮೇಷ್ಟ್ರು ಕಾರ್ಲ್ ಬ್ಲಾಸ್‌ಫೆಲ್ಟ್ 1928ರ ತಮ್ಮ ಪುಸ್ತಕದಲ್ಲಿ ಕುಡಿ, ಮೊಗ್ಗುಗಳನ್ನು ಹಲವು ಪಟ್ಟು ಹಿಗ್ಗಿಸಿ ತೋರಿಸಿದ್ದೂ ಹೆಚ್ಚುಕಡಿಮೆ ಇದೇ ಶಿಸ್ತಿನಲ್ಲಿ. ಅವರ ಬಗ್ಗೆ ಗೌರವವಿದೆ. ಮನಸ್ಸು ಸೋಲುವುದು ಮಾತ್ರ ಪ್ರಾಗ್‌ನ ಛಾಯಾಗ್ರಾಹಕ ಯೋಸೆಫ್ ಸುಡೆಕ್ ಅವರಿಗೆ. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡವರು, 1940ರಿಂದ 1954ರವರೆಗೆ ತಮ್ಮ ಸ್ಟುಡಿಯೊದ ಕಿಟಕಿಯೊಂದರ ಫೋಟೊವನ್ನೇ ಮತ್ತೆ ಮತ್ತೆ ತೆಗೆದರು. ಒಂದು ಲೋಟ, ಒಂದು ರೆಂಬೆ, ಮಂಜು ಹಿಡಿದ ಗಾಜು. ಅಷ್ಟೇ ಸಾಮಾನು.

ಒಮ್ಮೆ ಇಬ್ಬನಿಯಂತೆ ಕಾಣಲೆಂದು ಕುಸಳಿಗೆ ನೀರು ಚಿಮುಕಿಸಿದೆ. ಎಂಟು ಸೆಕೆಂಡಿನ ಎಕ್ಸ್‌ಪೋಷರ್. ತೆರೆದು ನೋಡಿದರೆ ಚೊಂಬು ಚೊಕ್ಕವಾಗಿದೆ, ಹುಲ್ಲಿನ ತುದಿ ಮಾತ್ರ ಹೊಗೆಯಾಡಿದಂತಿದೆ. ಬೀಜದ ಆ ತಿರುಚಿದ ಬಾಲಕ್ಕೆ ತೇವ ತಾಗಿದರೆ ಸಾಕು, ಸುರುಳಿ ಬಿಚ್ಚಿಕೊಳ್ಳುತ್ತಾ ತಿರುಗುತ್ತದೆ. ಮಳೆ ಬಿದ್ದಾಗ ಬೀಜ ಮಣ್ಣನ್ನು ಕೊರೆದು ಒಳಗಿಳಿಯುವುದು ಹೀಗೆಯೇ. ಆ ಫ್ರೇಮನ್ನು ಅಳಿಸಲು ಕೈ ಬರಲಿಲ್ಲ. ಪ್ರಿಂಟ್ ಹಾಕಿಸಿ, ಕಿಟಕಿಯ ಪಕ್ಕದಲ್ಲೇ ತೂಗುಹಾಕಿದ್ದೇನೆ.