ಒಂಟಿ ಸ್ಟಿಕ್ಕಿನ ಭವಿಷ್ಯ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಕಡೆ ಇವತ್ತು ಹೊಸ ಡೆಸ್ಕ್‌ಟಾಪ್ ಜೋಡಿಸಿಕೊಳ್ಳುವವರಲ್ಲಿ ಡಿಟಿಪಿ, ಜೆರಾಕ್ಸ್ ಅಂಗಡಿಯವರು, ಮದುವೆ ಆಲ್ಬಮ್ ಮಾಡುವ ಸ್ಟುಡಿಯೊದವರು, ಫ್ಲೆಕ್ಸ್ ಹೊಡೆಯುವವರು, ಆನ್‌ಲೈನ್ ಅರ್ಜಿ ತುಂಬಿಕೊಡುವ ಸೈಬರ್ ಸೆಂಟರಿನವರು ಇದ್ದಾರೆ. ಬಿಡಿಭಾಗಕ್ಕೆ ಇವರು ನೋಡುವುದು ಬೆಂಗಳೂರಿನ ಎಸ್.ಪಿ. ರಸ್ತೆಯ ಕಡೆಗೆ. ಸಲಹೆಯೂ ಅಲ್ಲಿಂದಲೇ, ಇಲ್ಲವೇ ವಿಡಿಯೊ ವಿಮರ್ಶಕರಿಂದ ಬರುತ್ತದೆ: ಡಿಡಿಆರ್4 ರ್ಯಾಮಿನ ಕಾಲ ಮುಗಿಯಿತು, ಡಿಡಿಆರ್5 ಬೋರ್ಡನ್ನೇ ತಗೊಳ್ಳಿ, ಸದ್ಯಕ್ಕೆ ಒಂದೇ ಸ್ಟಿಕ್ ಸಾಕು, ಇನ್ನೊಂದನ್ನು ಆಮೇಲೆ ಹಾಕಿಸಿದರಾಯಿತು. ಕೇಳಲು ಹಿತವಾದ ಈ ಮಾತು ಇಂಟೆಲ್‌ನ ಎಲ್‌ಜಿಎ1700 ಸಾಕೆಟ್ಟಿನ ಅಗ್ಗದ ಬೋರ್ಡುಗಳ ಮಟ್ಟಿಗೆ ತಪ್ಪು. ಬರಲಿರುವ ಲಾಭದ ಹೆಸರಿನಲ್ಲಿ ಇವತ್ತಿನ ನಷ್ಟವನ್ನು ಅದು ಮುಚ್ಚಿಡುತ್ತದೆ.

ಯಾವ ರ್ಯಾಮ್ ಎಂದು ತೀರ್ಮಾನಿಸುವುದು ಬೋರ್ಡ್ ಎಂಬ ಭಾವನೆಯೇ ಅರ್ಧ ಸತ್ಯ. ಮೆಮೊರಿ ಕಂಟ್ರೋಲರ್ ಪ್ರೊಸೆಸರಿನ ಒಳಗೆ ಸೇರಿ ಬಹಳ ವರ್ಷಗಳಾದವು. ಎಎಂಡಿ ಅದನ್ನು 2003ರಲ್ಲೂ ಇಂಟೆಲ್ 2008ರಲ್ಲೂ ಮಾಡಿದವು. 2021ರ ನವೆಂಬರಿನಲ್ಲಿ ಬಂದ ಇಂಟೆಲ್‌ನ 12ನೇ ತಲೆಮಾರಿನ ಪ್ರೊಸೆಸರು ಎರಡೂ ಬಗೆಯ ರ್ಯಾಮ್ ಒಪ್ಪುತ್ತದೆ. ಅದಕ್ಕೇ ಎಚ್610 ಎಂಬ ಒಂದೇ ಚಿಪ್‌ಸೆಟ್ಟಿನ ಬೋರ್ಡು ಎರಡು ರೂಪದಲ್ಲಿ ಸಿಗುತ್ತದೆ. ಎರಡೂ ಸ್ಟಿಕ್ಕಿಗೆ 288 ಪಿನ್ನುಗಳಿದ್ದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದಿಲ್ಲ.

ಈಗ ಆ ಒಂದೇ ಸ್ಟಿಕ್ಕಿನ ವಿಷಯ. ಡಿಡಿಆರ್5ರ ಒಂದು ಸ್ಟಿಕ್ಕೇ ಡ್ಯುಯಲ್ ಚಾನೆಲ್, ಅಂದರೆ ಜೋಡಿ ಸ್ಟಿಕ್ಕಿಗೆ ಸಮ, ಎಂದು ಹಲವು ವಿಮರ್ಶಕರು ಹೇಳುತ್ತಾರೆ. ಸಾಕ್ಷಿಗೆ ಯಂತ್ರದ ವಿವರ ತೋರಿಸುವ ಸಿಪಿಯು-ಝಡ್ ತಂತ್ರಾಂಶ ತೆರೆದು 2 × 32-ಬಿಟ್ ಎಂಬ ಸಾಲನ್ನು ತೋರಿಸುತ್ತಾರೆ. ಸಾಲು ಸರಿ, ಅದರಿಂದ ಅವರು ತೆಗೆಯುವ ಅರ್ಥ ತಪ್ಪು. ಡಿಡಿಆರ್4ರ ಸ್ಟಿಕ್ಕಿನಲ್ಲಿ 64 ಬಿಟ್ ಅಗಲದ ಒಂದು ದಾರಿ ಇತ್ತು. ಡಿಡಿಆರ್5ರಲ್ಲಿ ಅದನ್ನೇ 32 ಬಿಟ್ಟಿನ ಎರಡು ದಾರಿಗಳಾಗಿ ಸೀಳಿದ್ದಾರೆ. ಹೆದ್ದಾರಿಯ ನಡುವೆ ಡಿವೈಡರ್ ಹಾಕಿದ ಮಾತ್ರಕ್ಕೆ ರಸ್ತೆ ಅಗಲವಾಗದು. ಸೀಳಿದ್ದರಿಂದ ಲಾಭವಿಲ್ಲ ಎಂದಲ್ಲ: ಒಂದೊಂದು ದಾರಿಯೂ 16 ಕಂತಿನಲ್ಲಿ 64 ಬೈಟ್ ತಂದುಕೊಡುವುದರಿಂದ ಪ್ರೊಸೆಸರಿನ ಎರಡು ಕೋರಿಕೆಗಳು ಏಕಕಾಲಕ್ಕೆ ನಡೆಯುತ್ತವೆ, ಕಾಯುವುದು ಕಡಿಮೆಯಾಗುತ್ತದೆ. ಆದರೆ ಒಟ್ಟು ಸಾಗಣೆಯ ಲೆಕ್ಕವೇ ಬೇರೆ. 4800 ವೇಗದ ಒಂಟಿ ಡಿಡಿಆರ್5 ಸ್ಟಿಕ್ ಸೆಕೆಂಡಿಗೆ ಹೆಚ್ಚೆಂದರೆ 38.4 ಜಿಬಿ ಸಾಗಿಸಬಲ್ಲದು. 3200 ವೇಗದ ಡಿಡಿಆರ್4 ಸ್ಟಿಕ್ಕುಗಳನ್ನು ಜೋಡಿಯಾಗಿ ಹಾಕಿದರೆ 51.2 ಜಿಬಿ. ಹಳೆಯ ಜೋಡಿಯನ್ನು ಹೊಸ ಒಂಟಿ ಸರಿಗಟ್ಟಬೇಕಾದರೆ ಅದರ ವೇಗ 6400 ಇರಬೇಕು. ಐ3-12100 ಪ್ರೊಸೆಸರಿಗೆ ಇಂಟೆಲ್ ಅಧಿಕೃತವಾಗಿ ಕೊಟ್ಟಿರುವ ಮಿತಿ 4800, ಅದನ್ನು ಮೀರಿ ಓಡಿಸಲು ಎಚ್610 ಬಿಡುವುದೂ ಇಲ್ಲ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಪರದೆಯ ಕೆಲಸವೂ ಇದೇ ರ್ಯಾಮಿನಿಂದ ಪಾಲು ಕೇಳುತ್ತದೆ. ನಮ್ಮ ಅಂಗಡಿಗಳ ಯಂತ್ರಗಳಲ್ಲಿ ಹೆಚ್ಚಿನವು ಅಂಥವೇ. ಇನ್ನು ಉಳಿತಾಯಕ್ಕೆಂದು ಕೊಡುವ 8 ಜಿಬಿಯ ಡಿಡಿಆರ್5 ಸ್ಟಿಕ್ಕಿನಲ್ಲಿ ಸಾಮಾನ್ಯವಾಗಿ ಇರುವುದು ನಾಲ್ಕೇ ಅಗಲ ಚಿಪ್ಪುಗಳು. 16 ಜಿಬಿಯದರ ಚಿಪ್ಪಿನಲ್ಲಿ ಸರದಿಯ ಮೇಲೆ ಕೆಲಸ ಹಂಚಿಕೊಳ್ಳುವ ಎಂಟು ಬ್ಯಾಂಕ್ ಗುಂಪುಗಳಿದ್ದರೆ ಇದರಲ್ಲಿ ನಾಲ್ಕು, ಹಾಗಾಗಿ ವೇಗ ಇನ್ನಷ್ಟು ಕುಗ್ಗುತ್ತದೆ. ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿ, ಜೋಡಿ ಸ್ಟಿಕ್ಕಿನಲ್ಲಿ ಆಟ ಓಡಿಸಿ ಪಡೆದ ಅಂಕಿಗಳನ್ನು ಇಂಥ ಯಂತ್ರಕ್ಕೆ ಅನ್ವಯಿಸುವ ವಿಮರ್ಶೆಯನ್ನು ಪರೀಕ್ಷೆ ಎಂದು ಕರೆಯಲಾಗದು. ಅದನ್ನು ನಂಬಿ ಹಣ ಕೊಡುವವನು ಆಟ ಆಡುವವನಲ್ಲ, ಮದುವೆ ಸೀಸನ್ನಿನಲ್ಲಿ ಫೋಟೊಶಾಪ್ ತೆರೆದು ಕೂರುವವನು.

ಮುಂದಕ್ಕೆ ಆಗುತ್ತದೆ ಎಂಬ ವಾದವನ್ನೂ ನೋಡೋಣ. ಬೋರ್ಡಿನ ಆಯುಷ್ಯವನ್ನು ನಿರ್ಧರಿಸಿದ್ದು ಸಾಕೆಟ್, ರ್ಯಾಮಿನ ಬಗೆಯಲ್ಲ. 12ರಿಂದ 14ನೇ ತಲೆಮಾರಿನವರೆಗೆ ನಡೆದ ಎಲ್‌ಜಿಎ1700ರ ಜಾಗಕ್ಕೆ 2024ರ ಅಕ್ಟೋಬರಿನಲ್ಲಿ ಎಲ್‌ಜಿಎ1851 ಬಂತು. 2022ರಲ್ಲಿ ಭವಿಷ್ಯಕ್ಕೆಂದು ಡಿಡಿಆರ್5 ಬೋರ್ಡ್ ಕೊಂಡವನಿಗೂ ಡಿಡಿಆರ್4 ಬೋರ್ಡ್ ಕೊಂಡವನಿಗೂ ಪ್ರೊಸೆಸರಿನ ದಾರಿ ಒಂದೇ ಕಡೆ ಮುಚ್ಚಿತು. ಅದೇ ಎಎಂಡಿಯ ಎಎಂ4 ಸಾಕೆಟ್, ಡಿಡಿಆರ್4ನ್ನಷ್ಟೇ ನಂಬಿಕೊಂಡೂ 2017ರ ರೈಜನ್‌ನಿಂದ 2022ರ 5800ಎಕ್ಸ್3ಡಿವರೆಗೆ ಸಾಗಿತು. ಎರಡೂ ಬಗೆಯ ಸ್ಲಾಟ್ ಇರುವ ಬೋರ್ಡನ್ನು ಪರಿಹಾರವೆಂದು ಹೊಗಳುವವರೂ ಇದ್ದಾರೆ. 2007ರ ಹೊತ್ತಿನಲ್ಲೇ ಗಿಗಾಬೈಟ್ ಅಂಥದ್ದನ್ನು, ಡಿಡಿಆರ್2 ಮತ್ತು ಡಿಡಿಆರ್3ಕ್ಕೆ, ತಂದಿತ್ತು. ಎರಡನ್ನೂ ಒಟ್ಟಿಗೆ ಬಳಸಲು ಬರುವುದಿಲ್ಲ, ಅಷ್ಟೇ.

ಬೋರ್ಡ್ ಹೋದರೂ ರ್ಯಾಮ್ ಮುಂದಿನ ಯಂತ್ರಕ್ಕೆ ಬರುತ್ತದಲ್ಲ ಎಂಬ ಆಕ್ಷೇಪ ಗಟ್ಟಿಯಾದದ್ದು. ಬರುತ್ತದೆ, ಆದರೆ ಹಾಗೆ ಬರುವುದು 4800 ವೇಗದ ಆ ಒಂಟಿ ಸ್ಟಿಕ್ಕೇ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: 2025ರಲ್ಲಿ ದೊಡ್ಡ ತಯಾರಕರು ಡಿಡಿಆರ್4 ಉತ್ಪಾದನೆಗೆ ಕೈ ಬಿಗಿ ಹಿಡಿದರು, ಬೆಲೆ ಏರಿತು, ಹಾಗಿರುವಾಗ ಹಳೆಯದನ್ನು ಹೊಸದಾಗಿ ಕೊಳ್ಳುವುದೇಕೆ? ಕೊಳ್ಳಬೇಡಿ. ಕೈಯಲ್ಲಿ ಡಿಡಿಆರ್4 ಸ್ಟಿಕ್ಕುಗಳು ಇರುವವನಿಗಷ್ಟೇ ಡಿಡಿಆರ್4 ಬೋರ್ಡ್ ಲಾಭ. ಬೆಲೆ ಏರಿದಷ್ಟೂ ಆ ಸ್ಟಿಕ್ಕುಗಳ ಮೌಲ್ಯವೂ ಏರಿದೆ. ಏನೂ ಇಲ್ಲದೆ ಶುರು ಮಾಡುವವನಿಗೆ ಡಿಡಿಆರ್5 ಸರಿ, ಆದರೆ 2027 ದಾಟಿಯೂ ಬೆಂಬಲ ಕೊಡುವುದಾಗಿ ಎಎಂಡಿ ಹೇಳಿರುವ ಎಎಂ5 ಸಾಕೆಟ್ಟಿನಲ್ಲಿ, ಮೊದಲ ದಿನವೇ ಜೋಡಿಯಾಗಿ. ಆಮೇಲೆ ಹಾಕಿಸಿದರಾಯಿತು ಎನ್ನುವ ಮಾತು 2025ರ ಕೊನೆಯಲ್ಲಿ ಪೂರ್ತಿ ಕುಸಿಯಿತು: ಎಐ ಡೇಟಾ ಸೆಂಟರುಗಳ ಬೇಡಿಕೆಗೆ ಸಿಕ್ಕಿ ಡಿಡಿಆರ್5 ಬೆಲೆಯೂ ಜಿಗಿಯಿತು, ಎರಡನೆಯ ಸ್ಟಿಕ್ಕಿಗೆ ಕಾದವರು ಮೊದಲನೆಯದಕ್ಕಿಂತ ಬಹಳ ಹೆಚ್ಚು ಕೊಡಬೇಕಾಯಿತು. ಜೋಡಿಯ ಪರವಾಗಿ ಬೆಂಚ್‌ಮಾರ್ಕಿನಲ್ಲಿ ಕಾಣದ ಕಾರಣವೂ ಒಂದಿದೆ. ರೈಲೂ ಇಲ್ಲದ ಕನಕಪುರ, ಮಾಗಡಿಯಿಂದ ಎಸ್.ಪಿ. ರಸ್ತೆಗೆ ಹೋಗಿಬರಲು ಒಂದು ದಿನದ ದುಡಿಮೆ ಬಿಡಬೇಕು. ಇದ್ದ ಒಂದು ಸ್ಟಿಕ್ ಕೆಟ್ಟರೆ ಅಂಗಡಿಯ ಕೆಲಸ ನಿಲ್ಲುತ್ತದೆ. ಎರಡರಲ್ಲಿ ಒಂದು ಕೆಟ್ಟರೆ ಅದನ್ನು ಕಿತ್ತು, ಉಳಿದದ್ದರಲ್ಲಿ ನಿಧಾನವಾಗಿಯಾದರೂ ಅವತ್ತಿನ ಅರ್ಜಿಗಳನ್ನು ಮುಗಿಸಬಹುದು.