ಗ್ರಾಮೋಫೋನು ತಟ್ಟೆಗಳ ಸಂಗ್ರಹವೂ ಪಾಠವಿಮರ್ಶೆಯೂ

ಈ ವರ್ಷ ಬನದ ಹುಣ್ಣಿಮೆಯ ಜಾತ್ರೆಗೆಂದು ಬಾದಾಮಿಗೆ ಹೋದವನು, ಹುನಗುಂದದ ಮನೆಗೆ ಮರಳದೆ ನೆಟ್ಟಗೆ ಇಲಕಲ್ಲಿಗೆ ಹೋಗಿ ನನ್ನ ಹಳೆಯ ಶಿಷ್ಯನೊಬ್ಬನ ಮನೆಯಲ್ಲಿ ಎರಡು ದಿನ ಇದ್ದೆನು. ಅವನು ಸೀರೆಯ ವ್ಯಾಪಾರಸ್ಥನು. ಗ್ರಾಮೋಫೋನು ತಟ್ಟೆಗಳನ್ನು ಕೂಡಿಹಾಕುವದು ಅವನ ಹವ್ಯಾಸ. ಸೀರೆಗಳಿಗೆಂದು ಮಾಡಿಸಿದ ಎರಡು ಕಪಾಟುಗಳಲ್ಲಿ ಈಗ ಅರಗಿನ ತಟ್ಟೆಗಳೇ ತುಂಬಿರುವವು.

ಅವನು ಒಂದೊಂದನ್ನೇ ತೆಗೆದು, ನಾಯಿಯ ಚಿತ್ರವಿರುವ ಮುದ್ರೆ ಎಷ್ಟು ನಿಚ್ಚಳವಾಗಿದೆ, ಯಾವ ಊರಿನ ಗುಜರಿಯಲ್ಲಿ ಎಷ್ಟು ರೂಪಾಯಿಗೆ ಸಿಕ್ಕಿತು ಎಂಬದನ್ನು ವರ್ಣಿಸಿದನು. ಒಂದನ್ನು ಕೈಯಲ್ಲಿ ಹಿಡಿದು, “ಇದರಲ್ಲಿ ಹಾಡಿರುವದೇನಪ್ಪಾ?” ಎಂದು ಕೇಳಿದೆನು. “ಹಚ್ಚಿ ಕೇಳಿಲ್ರಿ ಗುರುಗಳೆ, ಸೂಜಿ ತಾಗಿದ್ರ ಸವೀತಾವ,” ಎಂದನು. ಈ ಮಾತೇ ನನ್ನ ಈ ಲೇಖನಕ್ಕೆ ಕಾರಣವಾಯಿತು.

ಪಾಠಶಾಲೆಯಲ್ಲಿ ನಾವು ಗ್ರಂಥಸಂಪಾದನೆಯ ಮೊದಲ ಪಾಠವನ್ನು ತಾಳೆಗರಿಗಳ ಮುಂದೆ ಕುಳಿತು ಕಲಿತವರು. ಓಲೆಯ ಅಂದಕ್ಕಿಂತ ಅದರಲ್ಲಿರುವ ಪಾಠ ಮುಖ್ಯ. ಕಡೆಯ ಗರಿಯಲ್ಲಿ ಲಿಪಿಕಾರನು ಬರೆದಿಟ್ಟ ಹೆಸರು, ತಿಥಿ ಅದಕ್ಕಿಂತ ಕಡಿಮೆಯವಲ್ಲ. ತಟ್ಟೆಗೂ ಇಂಥ ಸಮಾಪ್ತಿವಾಕ್ಯವುಂಟು. 1902ರಲ್ಲಿ ಕಲಕತ್ತೆಯಲ್ಲಿ ಗೈಸ್‌ಬರ್ಗ್ ಎಂಬವರು ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿದಾಗ, ಹಾಡು ಮುಗಿಯುತ್ತಲೇ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಕೂಗಿ ಹೇಳಿದರು. ತಟ್ಟೆಗಳು ತಯಾರಾಗುತ್ತಿದ್ದುದು ಜರ್ಮನಿಯ ಹಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಗುರುತು ಸಿಗಲೆಂದು ಈ ಏರ್ಪಾಡು. ನಮಗಾದರೋ ಅದು ವಚನಕಾರರ ಅಂಕಿತದಂತೆ ಕೇಳಿಸುತ್ತದೆ. ನಡುವಿನ ಕಾಗದದ ಸುತ್ತ, ಗೆರೆಗಳು ಮುಗಿದ ಜಾಗದಲ್ಲಿ ಕೊರೆದಿರುವ ಸಣ್ಣ ಅಂಕಿಗಳೂ ಹಾಗೆಯೇ. ಯಾವ ಮುದ್ರಣ, ಎಷ್ಟನೆಯ ಸಲದ ಹಾಡಿಕೆ ಎಂಬದನ್ನು ಅವುಗಳಿಂದ ಕಂಡುಕೊಳ್ಳಬಹುದು. ನನ್ನ ಶಿಷ್ಯನು ಆ ಅಂಕಿಗಳನ್ನು ಎಲ್ಲಿಯೂ ಬರೆದುಕೊಂಡಿರಲಿಲ್ಲ. ಅಷ್ಟೇ ಅಲ್ಲ, 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಈ ಗೌಹರ್ ಜಾನರನ್ನೂ ನಮ್ಮ ಬೀಳಗಿಯ ಗೋಹರಬಾಯಿ ಕರ್ನಾಟಕಿಯವರನ್ನೂ ಒಂದೇ ಚೀಟಿಯ ಕೆಳಗೆ ಇಟ್ಟಿದ್ದನು! ಗೋಹರಬಾಯಿ ಬಾಲಗಂಧರ್ವರ ಗಾಯನದ ಛಾಯೆಯನ್ನು ಕಂಠಗತ ಮಾಡಿಕೊಂಡವರು. ತಂಗಿ ಅಮೀರಬಾಯಿ 1943ರ ‘ಕಿಸ್ಮತ್’ ಚಿತ್ರದಿಂದ ದೇಶಕ್ಕೆಲ್ಲ ಪರಿಚಿತರಾದವರು. ಬೀಳಗಿಯ ಬಳಿಯಲ್ಲಿದ್ದು ನಾವೇ ಹೀಗೆ ಎಡವಿದರೆ ದೂರದವರನ್ನು ಅನ್ನುವದೇನು?

ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷಗಳ ಹಾಡು ಮಾತ್ರ ಹಿಡಿಯುತ್ತದೆ. ಏಳೆಂಟು ನುಡಿಗಳ ಪದವನ್ನು ಹಾಡುವವರು ಪಲ್ಲವಿಯನ್ನೂ ಎರಡು ನುಡಿಗಳನ್ನೂ ಆರಿಸಿಕೊಳ್ಳಲೇಬೇಕು. ಯಾವ ನುಡಿ ಉಳಿಯಿತು, ಯಾವದು ಬಿಟ್ಟುಹೋಯಿತು? ಈ ಆಯ್ಕೆಯೇ ಒಂದು ವಿಮರ್ಶೆ. ಅಚ್ಚಿನ ಪುಸ್ತಕದಲ್ಲಿ ಇಲ್ಲದ ಪಾಠಾಂತರವು ಗಾಯಕರ ಬಾಯಲ್ಲಿ ಉಳಿದಿರುವದೂ ಸಾಧ್ಯ. ಅನೇಕ ಹಳೆಯ ತಟ್ಟೆಗಳ ಮೇಲೆ ಗಾಯಕರ ಹೆಸರಿದೆ, ರಾಗದ ಹೆಸರಿದೆ, ಪದ ಬರೆದ ಕವಿಯ ಹೆಸರು ಮಾತ್ರ ಇಲ್ಲ. ಅದನ್ನು ಹುಡುಕುವ ಹೊಣೆ ಸಾಹಿತ್ಯದವರದು. ನಾವು ಆ ಹೊಣೆಯನ್ನು ಹೊತ್ತಿಲ್ಲ.

ಅದೇ ಕಪಾಟಿನ ಮೂಲೆಯಲ್ಲಿ ಏಳಂಗುಲದ ಸಣ್ಣ ತಟ್ಟೆಗಳ ಕಟ್ಟೊಂದಿತ್ತು. ಲಂಡನ್ನಿನಲ್ಲಿರುವ ಅವನ ಅಳಿಯ ತಂದುಕೊಟ್ಟವಂತೆ. ವೆಸ್ಟ್ ಇಂಡೀಸಿನ ಜಮೈಕಾ ದ್ವೀಪದ ರೆಗೆ ಹಾಡುಗಳು. ಇವುಗಳನ್ನು ಮಾತ್ರ ಅವನು ಹಚ್ಚಿ ಕೇಳಿದ್ದನು! ಅಲ್ಲಿ ಒಂದು ಮಗ್ಗುಲಿಗೆ ಹಾಡು, ಇನ್ನೊಂದು ಮಗ್ಗುಲಿಗೆ ಹೆಚ್ಚಾಗಿ ಮಾತಿಲ್ಲದ ಅದೇ ವಾದ್ಯದ ಮಟ್ಟು. ಆ ಮಟ್ಟಿಗೆ ಬೇರೆ ಗಾಯಕರು ಬೇರೆ ಮಾತು ಹೊಂದಿಸಿ ಹಾಡುತ್ತಾರೆ. 1985ರಲ್ಲಿ ವೇಯ್ನ್ ಸ್ಮಿತ್ ಎಂಬವನು ಕ್ಯಾಸಿಯೋ ಕಂಪನಿಯ ಚಿಕ್ಕ ವಾದ್ಯದೊಳಗಿನ ಸಿದ್ಧ ತಾಳವೊಂದಕ್ಕೆ ಹಾಡಿದನಂತೆ. ಆ ತಾಳಕ್ಕೆ ಆಮೇಲೆ ಹುಟ್ಟಿದ ಹಾಡುಗಳಿಗೆ ಲೆಕ್ಕವಿಲ್ಲ. ನಮ್ಮ ಕಂಪನಿ ನಾಟಕಗಳ ಹಾಡಿನ ಪುಸ್ತಕಗಳಲ್ಲಿ ಪ್ರತಿಯೊಂದು ಪದದ ನೆತ್ತಿಯ ಮೇಲೆ ‘ಇಂಥ ಹಾಡಿನ ಮಟ್ಟು’ ಎಂದು ಅಚ್ಚಾಗಿರುವದನ್ನು ಬನಶಂಕರಿಯ ಜಾತ್ರೆ ಕಂಡವರಿಗೆ ನಾನು ಹೇಳಬೇಕಾಗಿಲ್ಲ. ಆ ಮೂಲದ ಮಟ್ಟು ಇಂದು ತಟ್ಟೆಯಲ್ಲಿ ಅಲ್ಲದೆ ಇನ್ನೆಲ್ಲಿ ಸಿಕ್ಕೀತು? ತಟ್ಟೆ ಹೋದರೆ ಪುಸ್ತಕದ ಪದವೂ ಮೂಕವಾಗುವದು.

ತಟ್ಟೆಗಳಿಂದ ಧ್ವನಿಯನ್ನು ಕಂಪ್ಯೂಟರಿಗೆ ಇಳಿಸಿ, ಕರಕರ ಸದ್ದನ್ನು ತೊಳೆದು ಕೊಡುವವರು ಈಗ ಹಲವರಿದ್ದಾರೆ. ಉಪಕಾರವೇ ಸರಿ. ಆದರೆ ಮೊದಲ ಕಾಲದ ತಟ್ಟೆಗಳೆಲ್ಲ ನಿಮಿಷಕ್ಕೆ ಸರಿಯಾಗಿ 78 ಸುತ್ತು ತಿರುಗುತ್ತಿರಲಿಲ್ಲ; ಕೆಲವು ನಿಧಾನ, ಕೆಲವು ಚುರುಕು. ಇದನ್ನು ಅರಿಯದೆ ಇಳಿಸಿದರೆ ಶ್ರುತಿ ಏರಿ, ಗಂಡಸಿನ ಕಂಠ ಹೆಣ್ಣಿನದರಂತೆ ಕೀರಲಾಗುತ್ತದೆ. ಸದ್ದಿನೊಡನೆ ಮೆಲುದನಿಯ ವ್ಯಂಜನಗಳೂ ತೊಳೆದುಹೋಗುತ್ತವೆ. ತಿಳಿಯದ ಶಬ್ದವನ್ನು ತಿದ್ದಿ ಬರೆಯುವ ಲಿಪಿಕಾರನಿಗಿಂತ, ತಿಳಿಯದಿದ್ದರೂ ಇದ್ದದ್ದನ್ನು ಇದ್ದಂತೆ ಬರೆಯುವವನೇ ಲೇಸೆಂದು ನಮ್ಮ ಗುರುಗಳು ಹೇಳುತ್ತಿದ್ದರು.

ಇಷ್ಟು ಬರೆಯುವ ನಾನು ನಿರ್ದೋಷಿಯಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ನಮ್ಮ ಓಣಿ ಮುಳುಗುವದೆಂದಾದಾಗ, ತಂದೆಯವರ ಪೆಟ್ಟಿಗೆಯಲ್ಲಿದ್ದ ಮೂವತ್ತು ತಟ್ಟೆಗಳನ್ನು ಹಿತ್ತಾಳೆಯ ಪಾತ್ರೆಗಳ ಜೊತೆಗೆ ತೂಕಕ್ಕೆ ಕೊಟ್ಟವನು ನಾನೇ. ತಾಳೆಗರಿಗಳ ಕಟ್ಟನ್ನು ಮಾತ್ರ ಎದೆಗವಚಿಕೊಂಡು ನವನಗರಕ್ಕೆ ಒಯ್ದೆನು. ಅವು ಎರಡೂ ಒಂದೇ ಜಾತಿಯ ವಸ್ತುಗಳೆಂದು ಅಂದು ನನಗೆ ಹೊಳೆಯಲಿಲ್ಲ. ನನ್ನ ಶಿಷ್ಯನು ಹಚ್ಚಿ ಕೇಳದಿದ್ದರೂ ಉಳಿಸಿದನು. ಆ ಮಟ್ಟಿಗೆ ಅವನು ಗುರುವನ್ನು ಮೀರಿದವನು.

ಹೊರಡುವ ಮುನ್ನಾದಿನ ರಾತ್ರಿ ಅವನು ಹೊಸ ಸೂಜಿ ತೊಡಿಸಿ ಒಂದು ತಟ್ಟೆಯನ್ನು ಹಚ್ಚಿದನು. ನಾನು ಕೇಳಿದಂತೆ ಬರೆದುಕೊಳ್ಳುತ್ತ ಹೋದೆನು. ಮೂರು ಸಲ ಕೇಳಿದ ಮೇಲೂ ಎರಡನೆಯ ನುಡಿಯ ಒಂದು ಶಬ್ದ ತಿಳಿಯಲಿಲ್ಲ. ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ.