ಮಗುವಿನ ಜೊತೆ ಆಸ್ಪತ್ರೆಯಲ್ಲಿ ಉಳಿಯುವವರು ಯಾರು? – 87ನೆಯ ಪ್ರಕರಣ: ಒಂದು ವಿಮರ್ಶೆ

ಮಕ್ಕಳ ಹಾಗೂ ಹದಿಹರೆಯದವರ ಮಾನಸಿಕ ತೊಂದರೆಗಳಿಗೆ ಬಹುಪಾಲು ಹೊರರೋಗಿ ವಿಭಾಗದಲ್ಲೇ ಚಿಕಿತ್ಸೆ ಸಾಧ್ಯ. ತೀವ್ರ ಖಿನ್ನತೆ, ಆತ್ಮಹತ್ಯೆಯ ಅಪಾಯ, ಊಟವನ್ನೇ ತೊರೆಯುವುದು ಮುಂತಾದ ಸ್ಥಿತಿಗಳಲ್ಲಿ ಮಾತ್ರ ಮಗುವನ್ನು ಕೆಲವು ದಿನ ಅಥವಾ ವಾರ ಆಸ್ಪತ್ರೆಯಲ್ಲಿ ಇರಿಸಿಕೊಳ್ಳಬೇಕಾಗುತ್ತದೆ. ಇದಕ್ಕೆ ನಿಯಮ ಹಾಕಿರುವುದು 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮದ 87ನೆಯ ಪ್ರಕರಣ. 2018ರಲ್ಲಿ ಜಾರಿಗೆ ಬಂದ ಈ ನಿಯಮ ವಿಜ್ಞಾನದ ದೃಷ್ಟಿಯಿಂದ ಎಷ್ಟು ಸರಿ? ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳಲ್ಲಿ ದುಡಿಯುವ ಕುಟುಂಬಗಳಿಗೆ ಎಷ್ಟು ಎಟುಕುತ್ತದೆ? ಎರಡನ್ನೂ ಪರಿಶೀಲಿಸೋಣ.

ಪ್ರಕರಣ ಹೇಳುವುದೇನು?

18 ವರ್ಷ ತುಂಬದವರನ್ನು ದಾಖಲಿಸಲು ತಂದೆ, ತಾಯಿ ಅಥವಾ ಪಾಲಕರು ಅರ್ಜಿ ಕೊಡಬೇಕು. ಇಬ್ಬರು ಮನೋವೈದ್ಯರು, ಅಥವಾ ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ಅರ್ಹ ತಜ್ಞರು ಬೇರೆ ಬೇರೆಯಾಗಿ ಮಗುವನ್ನು ಪರೀಕ್ಷಿಸಬೇಕು. ಆಸ್ಪತ್ರೆಯ ಹೊರಗಿನ ಮಾರ್ಗಗಳು ಫಲಿಸಿಲ್ಲ ಅಥವಾ ಹೊಂದುವುದಿಲ್ಲ ಎಂಬುದು ಖಚಿತವಾಗಬೇಕು. ವಯಸ್ಕ ರೋಗಿಗಳಿಂದ ಮಗುವನ್ನು ಪ್ರತ್ಯೇಕವಾಗಿ ಇರಿಸಬೇಕು. ದಾಖಲಾತಿಯನ್ನು 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ತಿಳಿಸಬೇಕು. 30 ದಿನ ಮೀರಿದರೆ ಮಂಡಳಿಯೇ ಪರಿಶೀಲಿಸಬೇಕು. ಇವೆಲ್ಲದರ ಜೊತೆಗೆ ಒಂದು ಮುಖ್ಯ ಷರತ್ತು ಇದೆ: ಮಗು ಆಸ್ಪತ್ರೆಯಲ್ಲಿರುವಷ್ಟು ದಿನವೂ ಪಾಲಕರು ಅಥವಾ ಅವರ ಪರವಾಗಿ ಒಬ್ಬ ಸಹಾಯಕರು ಜೊತೆಯಲ್ಲೇ ಉಳಿಯಬೇಕು.

ವಿಜ್ಞಾನದ ಬೆಂಬಲ

ಈ ಕೊನೆಯ ಷರತ್ತು ಬರಿಯ ಔಪಚಾರಿಕತೆಯಲ್ಲ. ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ಬ್ರಿಟನ್ನಿನ ಅನೇಕ ಆಸ್ಪತ್ರೆಗಳಲ್ಲಿ ತಾಯಿಗೆ ಮಗುವಿನ ಭೇಟಿ ಅಪರೂಪವಾಗಿತ್ತು. ಇಂಥ ಅಗಲಿಕೆ ಮಗುವನ್ನು ಹೇಗೆ ಕುಗ್ಗಿಸುತ್ತದೆ ಎಂಬುದನ್ನು ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ಚಲನಚಿತ್ರದ ಮೂಲಕ ತೋರಿಸಿದರು. ಭೇಟಿಗೆ ನಿರ್ಬಂಧ ಬೇಡ ಎಂದು ಅಲ್ಲಿನ ಪ್ಲ್ಯಾಟ್ ಸಮಿತಿ 1959ರಲ್ಲಿ ಶಿಫಾರಸು ಮಾಡಿತು. ನಮ್ಮ ದೇಶದಲ್ಲಿ ಅದೇ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಆವರಣದಲ್ಲಿ ಡೇರೆ ಹಾಕಿಸಿ ಉಳಿಸಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯಕೀಯ ವಾರ್ಡಿನಲ್ಲಿ ಪಾಲಕರು ಮಗುವಿನೊಡನೆ ಉಳಿಯುವುದು ಈ ಕಾಯಿದೆಗೂ ಹಿಂದಿನ ಪದ್ಧತಿ.

ಪಾಲಕರ ಇರುವಿಕೆ ಚಿಕಿತ್ಸೆಯ ಭಾಗವೇ ಆಗುವುದು ಹೇಗೆ? ಆತಂಕದಿಂದ ಶಾಲೆಗೆ ಹೋಗಲೊಲ್ಲದ ಮಗುವನ್ನು ಊಹಿಸಿಕೊಳ್ಳಿ. ಅಳುವ ಮಗುವನ್ನು ಮನೆಯಲ್ಲೇ ಉಳಿಸಿಕೊಂಡರೆ ಆತಂಕ ಆ ಕ್ಷಣಕ್ಕೆ ಇಳಿಯುತ್ತದೆ. ಶಾಲೆ ತಪ್ಪಿಸಿದರೆ ನೆಮ್ಮದಿ ಎಂಬುದನ್ನು ಮಗು ಕಲಿಯುತ್ತದೆ; ಮರುದಿನ ಭಯ ಇನ್ನೂ ಬಲವಾಗುತ್ತದೆ. ಈ ಸುಳಿಯನ್ನು ಮುರಿಯಲು ಭಯವನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸುವ ಅಭ್ಯಾಸ ಬೇಕು. ಅದನ್ನು ಮಗುವೂ ಪಾಲಕರೂ ಒಟ್ಟಿಗೆ ಕಲಿಯಬೇಕು. ಮಗು ಒಂದೇ ವಾರ್ಡಿನಲ್ಲಿದ್ದು ಗುಣಮುಖವಾದರೂ, ಏನೂ ಬದಲಾಗದ ಮನೆಗೆ ಮರಳಿದರೆ ಹಳೆಯ ಸುಳಿ ಮತ್ತೆ ಆರಂಭವಾಗುವ ಸಂಭವ ಹೆಚ್ಚು. ಆದ್ದರಿಂದ 87ನೆಯ ಪ್ರಕರಣದ ತಿರುಳು ವೈಜ್ಞಾನಿಕವಾಗಿ ಸರಿಯಾಗಿಯೇ ಇದೆ.

ಕೊರತೆ ಎಲ್ಲಿದೆ?

ಪಾಲಕರ ಸಮಯಕ್ಕೆ ಬೆಲೆ ಇದೆ ಎಂಬುದನ್ನು ಕಾಯಿದೆ ಮರೆತಿದೆ. ಕಾರ್ಖಾನೆಯಲ್ಲಿ 20 ದಿನ ದುಡಿದರೆ ಒಂದು ದಿನದ ಗಳಿಕೆ ರಜೆ ಸಿಗುತ್ತದೆ. ವರ್ಷಕ್ಕೆ 300 ದಿನ ದುಡಿದವರಿಗೂ ದೊರೆಯುವುದು 15 ದಿನ. ಮಗುವಿನ ದಾಖಲಾತಿ ಮಂಡಳಿಯ ಪರಿಶೀಲನೆಗೆ ಬರುವ ಹೊತ್ತಿಗೇ 30 ದಿನ ಆಗಿರುತ್ತದೆ! ಉಳಿದ ದಿನಗಳ ಸಂಬಳ ಯಾರು ಕೊಡಬೇಕು? ಇ.ಎಸ್.ಐ. ಯೋಜನೆಯಲ್ಲಿ ಕಾರ್ಮಿಕನ ಮಕ್ಕಳಿಗೂ ಚಿಕಿತ್ಸೆ ಉಂಟು. ಆದರೆ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ. 70ರಷ್ಟನ್ನು ಕೊಡುವ ಅನಾರೋಗ್ಯ ಭತ್ಯೆ ಕಾರ್ಮಿಕನದೇ ಕಾಯಿಲೆಗೆ ಮೀಸಲು. ಮಗುವಿನ ಹಾಸಿಗೆಯ ಪಕ್ಕದಲ್ಲಿ ಕಳೆದ ದಿನಗಳಿಗೆ ಅದು ಅನ್ವಯಿಸುವುದಿಲ್ಲ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಸೇವಾವಧಿಯಲ್ಲಿ 730 ದಿನಗಳ ಶಿಶುಪಾಲನಾ ರಜೆ ಇರುವುದನ್ನು ಇದಕ್ಕೆ ಹೋಲಿಸಿ ನೋಡಿ. ಎಲೆಕ್ಟ್ರಾನಿಕ್ ಸಿಟಿಯೂ ನಿಮ್ಹಾನ್ಸೂ ಹೊಸೂರು ರಸ್ತೆಯ ಮೇಲೆಯೇ ಇವೆ. ಆದರೂ ಅಲ್ಲಿನ ಗುತ್ತಿಗೆ ಕಾರ್ಮಿಕರಿಗೆ ಆಸ್ಪತ್ರೆ ದೂರವಾಗುವುದು ಕಿಲೋಮೀಟರುಗಳಿಂದಲ್ಲ, ಕೈತಪ್ಪುವ ದಿನಗೂಲಿಯಿಂದ.

ಈ ಒತ್ತಡ ಇನ್ನೊಂದು ಅಪಾಯಕ್ಕೆ ದಾರಿ ಮಾಡಬಲ್ಲದು. ಜೊತೆಗೆ ಯಾರೂ ಬೇಡ, ಮಗುವನ್ನು ಬಿಟ್ಟು ಹೋಗಿ ಎನ್ನುವ ಕೇಂದ್ರ ಸಿಕ್ಕರೆ ಪಾಲಕರು ಅದಕ್ಕೆ ಒಲಿಯುವುದು ಸಹಜ. ಮಾನಸಿಕ ಕಾಯಿಲೆಗೆಂದು ಜನರನ್ನು ಇರಿಸಿಕೊಳ್ಳುವ ಯಾವುದೇ ಸಂಸ್ಥೆ ನೋಂದಣಿಯಾಗಿರಲೇಬೇಕು. ಯೋಗ, ಆಯುರ್ವೇದ ಕೇಂದ್ರಗಳೂ ಇದಕ್ಕೆ ಹೊರತಲ್ಲ. ಆದರೆ ನೋಂದಣಿಯಿಲ್ಲದೆ ನಡೆಸಿದವರಿಗೆ ಮೊದಲ ಬಾರಿಗೆ ವಿಧಿಸಬಹುದಾದ ದಂಡ 5,000ದಿಂದ 50,000 ರೂಪಾಯಿ ಮಾತ್ರ. ಮಕ್ಕಳ ವಿಷಯದಲ್ಲಿ ಇದು ತೀರ ಹಗುರ.

ಶಿಕ್ಷಕರ ಪಾಲು

ನಿಮ್ಹಾನ್ಸ್‌ನ ಡಾ. ಶೋಭಾ ಶ್ರೀನಾಥ್ ಮತ್ತು ಸಂಗಡಿಗರು ಬೆಂಗಳೂರಿನ ನಗರ ಮತ್ತು ಗ್ರಾಮೀಣ ಪ್ರದೇಶಗಳಲ್ಲಿ 16 ವರ್ಷದವರೆಗಿನ 2,064 ಮಕ್ಕಳನ್ನು ಅಧ್ಯಯನ ಮಾಡಿ 2005ರಲ್ಲಿ ಪ್ರಕಟಿಸಿದ ವರದಿಯಂತೆ ಶೇ. 12.5 ಮಕ್ಕಳಲ್ಲಿ ಒಂದಲ್ಲ ಒಂದು ತೊಂದರೆ ಇತ್ತು. ಹಾಸಿಗೆ ಒದ್ದೆ ಮಾಡುವುದು, ಉಗ್ಗು ಮುಂತಾದವೂ ಇದರಲ್ಲಿ ಸೇರಿವೆ; ಒಳರೋಗಿಯಾಗಬೇಕಾದವರು ತೀರ ಕಡಿಮೆ. ಆದರೆ ತಮ್ಮ ಮಗುವಿಗೆ ತೊಂದರೆ ಇದೆ ಎಂದು ಗುರುತಿಸಿದ ಕುಟುಂಬಗಳು ಶೇ. 37.5 ಮಾತ್ರ. ಮನೆಯವರ ಕಣ್ಣಿಗೆ ಬೀಳದ್ದು ತರಗತಿಯಲ್ಲಿ ಕಾಣಬಹುದು. ಬೇಗ ಗುರುತಿಸಿದರೆ ದಾಖಲಾಗುವ ಪ್ರಮೇಯವೇ ತಪ್ಪಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ (14416) ಉಚಿತವಾಗಿ ಕರೆ ಮಾಡಿ ಸಲಹೆ ಪಡೆಯಬಹುದು. ಇದಕ್ಕೆ ತಾಂತ್ರಿಕ ನೆರವು ಎಲೆಕ್ಟ್ರಾನಿಕ್ ಸಿಟಿಯ ಐಐಐಟಿಯದು. ಆಸ್ಪತ್ರೆಯಿಂದ ಮರಳಿದ ಮಗುವಿಗೆ ಹಾಜರಾತಿಯ ಕೊರತೆ ಇನ್ನೊಂದು ಶಿಕ್ಷೆಯಾಗದಂತೆ ನೋಡಿಕೊಳ್ಳುವುದೂ ಶಾಲೆಯ ಕೆಲಸ.

87ನೆಯ ಪ್ರಕರಣವನ್ನು ಸಡಿಲಿಸಿ, ಪಾಲಕರು ಜೊತೆಗಿರಬೇಕಿಲ್ಲ ಎಂದುಬಿಡುವುದು ಇದಕ್ಕೆಲ್ಲ ಪರಿಹಾರವಲ್ಲ. ಮಗುವಿನೊಡನೆ ಉಳಿಯುವ ಒಬ್ಬ ಪಾಲಕರಿಗೆ, ತಾಯಿಯಾಗಲಿ ತಂದೆಯಾಗಲಿ, ಇ.ಎಸ್.ಐ. ಅನಾರೋಗ್ಯ ಭತ್ಯೆಯನ್ನು ವಿಸ್ತರಿಸಬೇಕು. ವೈದ್ಯರ ಪ್ರಮಾಣಪತ್ರವೇ ಅದಕ್ಕೆ ಆಧಾರವಾಗಲಿ. ಪಾಲಕರನ್ನು ಚಿಕಿತ್ಸೆಯ ಭಾಗವೆಂದು ಒಪ್ಪಿದ ಮೇಲೆ ಅವರ ದಿನಗೂಲಿಯನ್ನೂ ಚಿಕಿತ್ಸೆಯ ವೆಚ್ಚದಲ್ಲಿ ಸೇರಿಸುವುದು ನ್ಯಾಯ.